ಮೀನಿನೊಳಗಿನ ಪಾದರಸ

ಒಂದೆಡೆ ನಿಲ್ಲದ ಚುರುಕು ಹುಡುಗನನ್ನು ಕಂಡರೆ ‘ಇವನು ಪಾದರಸ’ ಎನ್ನುವುದು ನಮ್ಮ ಮಾತಿನ ರೂಢಿ. ಬೆರಳಿಗೆ ಸಿಕ್ಕಿತೆನ್ನುವಷ್ಟರಲ್ಲಿ ಜಾರುವ, ಚೂರಾಯಿತೆನ್ನುವಷ್ಟರಲ್ಲಿ ಮತ್ತೆ ಕೂಡಿಕೊಳ್ಳುವ ಈ ದ್ರವಲೋಹವನ್ನು ಕಂಡು ನಮ್ಮ ಹಿರಿಯರು ಬೆರಗಾಗಿದ್ದರು. ಅದನ್ನು ಕಟ್ಟಿ ನಿಲ್ಲಿಸಬಲ್ಲವನು ದೇಹವನ್ನೂ ಸಾವಿಲ್ಲದಂತೆ ನಿಲ್ಲಿಸಬಲ್ಲನೆಂದು ರಸಸಿದ್ಧರು ನಂಬಿದ್ದರು. ಕಾವ್ಯದ ಆತ್ಮವನ್ನು ಹೇಳುವುದಕ್ಕೆ ಮೀಮಾಂಸಕರು ಬಳಸಿದ ‘ರಸ’ವೆಂಬ ಮಾತನ್ನೇ ಅವರೂ ಇದಕ್ಕೆ ಇಟ್ಟರು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ನನಗೆ ಪಾದರಸವೆಂದರೆ ಮುಖ್ಯವಾಗಿ ವಾಯುಭಾರಮಾಪಕದ ಗಾಜಿನ ಕೊಳವೆಯಲ್ಲಿ 76 ಸೆಂಟಿಮೀಟರಿನಷ್ಟು ಎತ್ತರಕ್ಕೆ ನಿಂತ ಬೆಳ್ಳಿಯ ಕಂಬ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಇನ್ನೊಂದು ಪಾದರಸದ ಮಾತು. ಅದು ಹೊಳೆಯುವುದಿಲ್ಲ, ಉರುಳುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ತಿಳಿಯುವ ರುಚಿಯಿಲ್ಲ. ಹೊಳೆಯ ಮೀನಿನ ಮಾಂಸದಲ್ಲಿ ಸೇರಿಕೊಂಡು, ಆ ಮೀನನ್ನು ಉಂಡವರ ಮಿದುಳಿಗೆ ಹೋಗಿ ಕೂರುತ್ತದೆ.

ಕೆನಡಾ ದೇಶದ ಆಂಟೇರಿಯೊ ಪ್ರಾಂತದ ವಾಯವ್ಯ ಮೂಲೆಯನ್ನು ಭೂಪಟದಲ್ಲಿ ನೋಡಿದರೆ ನೆಲಕ್ಕಿಂತ ನೀರೇ ಹೆಚ್ಚೇನೋ ಎನಿಸುತ್ತದೆ. ಸರೋವರದಿಂದ ಸರೋವರಕ್ಕೆ ನದಿಗಳು ಹೆಣೆದುಕೊಂಡಿವೆ. ಅವುಗಳಲ್ಲಿ ವಾಬಿಗೂನ್ ಎಂಬುದೊಂದು. ಅದು ಡ್ರೈಡನ್ ಎಂಬ ಪಟ್ಟಣವನ್ನು ದಾಟಿ, ಕ್ಲೇ ಸರೋವರವನ್ನು ಹೊಕ್ಕು ಹೊರಟು, ಮುಂದೆ ಇಂಗ್ಲಿಷ್ ನದಿ ಎಂಬ ಹೆಸರಿನ ದೊಡ್ಡ ನದಿಯನ್ನು ಸೇರುತ್ತದೆ. ಡ್ರೈಡನ್ನಿನಿಂದ ಸುಮಾರು 100 ಕಿಲೋಮೀಟರ್ ಕೆಳಗೆ ಅನಿಶಿನಾಬೆ ಜನರ ಒಂದು ಊರಿದೆ. ಇಂಗ್ಲಿಷಿನಲ್ಲಿ ಅದು ಗ್ರಾಸಿ ನ್ಯಾರೋಸ್. ಅವರ ಸ್ವಂತ ಭಾಷೆಯಲ್ಲಿ ಅದಕ್ಕೊಂದು ಉದ್ದವಾದ, ಸೊಗಸಾದ ಹೆಸರಿದೆ, ಅದನ್ನು ತಪ್ಪಾಗಿ ಉಚ್ಚರಿಸಿ ಅವಮಾನಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಅದರಿಂದ ಇನ್ನೂ ಕೆಳಗೆ ವೈಟ್‌ಡಾಗ್ ಎಂಬ ಮತ್ತೊಂದು ಊರು. ಈ ಎರಡು ಊರುಗಳ ಜನ ತಲೆಮಾರುಗಳಿಂದ ಆ ನೀರಿನ ಮೀನನ್ನು ಉಂಡು ಬದುಕಿದವರು. 1873ರಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಭೂಮಿಯನ್ನು ಬಿಟ್ಟುಕೊಟ್ಟಾಗಲೂ ಬೇಟೆ ಮತ್ತು ಮೀನುಗಾರಿಕೆಯ ಹಕ್ಕು ತಮ್ಮದೇ ಎಂಬ ಮಾತನ್ನು ಅವರು ಬರೆಸಿಕೊಂಡಿದ್ದರು.

ಮೀನೆಂದರೆ ಅವರಿಗೆ ಏನು ಎಂಬುದನ್ನು ನದಿಯ ದಡದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹುಟ್ಟಿದ್ದು ತುಂಗೆಯ ಸೀಮೆಯಲ್ಲಿ. ಮುಂಗಾರಿನ ಮೊದಲ ಮಳೆಗೆ ಹಳ್ಳ ತುಂಬಿ ಹರಿದಾಗ ಹತ್ತುಮೀನು ಏರುತ್ತಿತ್ತು. ಆ ರಾತ್ರಿಗಳಲ್ಲಿ ಲಾಟೀನು ಹಿಡಿದು ಗದ್ದೆಯಂಚಿಗೆ ಹೋಗುವವರಲ್ಲಿ ಮೀನು ಮುಟ್ಟದ ಮನೆಯ ಹುಡುಗರೂ ಇರುತ್ತಿದ್ದರು. ಅದು ಊಟ ಮಾತ್ರವಲ್ಲ. ನೆಂಟರಿಗೆ ಕಳಿಸುವ ಸೊಬಗು, ಅಜ್ಜ ಮೊಮ್ಮಗನಿಗೆ ಕಲಿಸುವ ವಿದ್ಯೆ. ವಾಬಿಗೂನಿನ ಜನಕ್ಕೆ ಇದರ ಜೊತೆಗೆ ಸಂಬಳವೂ ಮೀನಿನಿಂದಲೇ ಬರುತ್ತಿತ್ತು. ಅಲ್ಲಿ ‘ವಾಲೈ’ ಎಂಬ ಮೀನಿಗೆ ಬಲು ಹೆಸರು. ಅದನ್ನು ಗಾಳ ಹಾಕಿ ಹಿಡಿಯುವ ಖುಷಿಗಾಗಿ ದೂರದೂರದಿಂದ ಹಣವಂತರು ಬರುತ್ತಿದ್ದರು. ಅವರಿಗಾಗಿ ಸರೋವರಗಳ ದಡದಲ್ಲಿ ವಸತಿಗೃಹಗಳೆದ್ದಿದ್ದವು. ಊರಿನ ಗಂಡಸರು ದೋಣಿ ನಡೆಸಿ ಮೀನಿರುವ ತಾವು ತೋರಿಸುವ ಮಾರ್ಗದರ್ಶಿಗಳು. ಹೆಂಗಸರಿಗೆ ವಸತಿಗೃಹಗಳಲ್ಲಿ ಕೆಲಸ. ಮಧ್ಯಾಹ್ನ ದೋಣಿಯನ್ನು ದಡಕ್ಕೆಳೆದು, ಆಗತಾನೇ ಹಿಡಿದ ಮೀನನ್ನು ಅಲ್ಲೇ ಬೆಂಕಿ ಹೊತ್ತಿಸಿ ಕರಿದು, ಅತಿಥಿಗೆ ಬಡಿಸಿ ತಾನೂ ಉಣ್ಣುವುದು ಮಾರ್ಗದರ್ಶಿಯ ಪದ್ಧತಿ. ಅತಿಥಿ ಒಂದು ವಾರ ಉಂಡು ಊರಿಗೆ ಮರಳುತ್ತಿದ್ದ. ಮಾರ್ಗದರ್ಶಿ ಬೇಸಿಗೆಯುದ್ದಕ್ಕೂ ಉಣ್ಣುತ್ತಿದ್ದ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಬೇಕು.

ಡ್ರೈಡನ್ನಿನಲ್ಲಿ ಕಾಗದದ ತಿರುಳು ಮಾಡುವ ಕಾರ್ಖಾನೆ ಇತ್ತು. ಮರದ ತಿರುಳನ್ನು ಬೆಳ್ಳಗಾಗಿಸಲು ಕ್ಲೋರಿನ್ ಬೇಕು. ಮರವನ್ನು ಬೇಯಿಸಲು ಕಾಸ್ಟಿಕ್ ಸೋಡಾ ಬೇಕು. ಎರಡನ್ನೂ ಉಪ್ಪುನೀರಿನಿಂದ ವಿದ್ಯುತ್ ಹರಿಸಿ ಪಡೆಯಬಹುದು. ಅದಕ್ಕೆಂದು 1962ರಲ್ಲಿ ಒಂದು ಹೊಸ ಘಟಕ ಆರಂಭವಾಯಿತು. ಆ ಕಾಲದ ಪದ್ಧತಿಯಲ್ಲಿ ತೊಟ್ಟಿಯ ತಳದಲ್ಲಿ ಪಾದರಸವನ್ನು ಹರಿಯಬಿಡುತ್ತಿದ್ದರು; ಉಪ್ಪಿನಲ್ಲಿರುವ ಸೋಡಿಯಂ ಅದರಲ್ಲಿ ಕರಗಿ, ಬೇರೆಡೆ ನೀರಿನೊಂದಿಗೆ ಸೇರಿ ಕಾಸ್ಟಿಕ್ ಸೋಡಾ ಆಗುತ್ತಿತ್ತು. ತತ್ತ್ವತಃ ಪಾದರಸ ವೆಚ್ಚವಾಗುವುದಿಲ್ಲ, ಮತ್ತೆ ಮತ್ತೆ ಅದೇ ಸುತ್ತುತ್ತದೆ. ನಾನೂ ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಹಾಗೆಯೇ ಬರೆದಿದ್ದೇನೆ. ಪಠ್ಯಪುಸ್ತಕದಲ್ಲಿ ಆ ಬಾಣ ಸೋರುವುದಿಲ್ಲ. ಡ್ರೈಡನ್ನಿನಲ್ಲಿ ಅದು ಸೋರಿತು: 1962ರಿಂದ 1970ರ ವರೆಗೆ ಸುಮಾರು ಒಂಬತ್ತು ಟನ್ ಪಾದರಸ ಕೊಳೆನೀರಿನೊಂದಿಗೆ ವಾಬಿಗೂನ್ ನದಿಗೆ ಇಳಿಯಿತು.

ಪಾದರಸ ನೀರಿಗಿಂತ ಹದಿಮೂರೂವರೆ ಪಾಲು ತೂಕದ್ದು. ತಳಕ್ಕಿಳಿದು ಕೆಸರಿನಲ್ಲಿ ಹೂತು ತೆಪ್ಪಗೆ ಬಿದ್ದಿರುತ್ತದೆಂದು ಆಗಿನವರು ಭಾವಿಸಿದ್ದರು. ಆ ಭಾವನೆಗೆ ಅವರನ್ನಷ್ಟೇ ದೂರುವಂತಿಲ್ಲ; ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವೆಂಬ ಬೇರೊಂದು ರೂಪಕ್ಕೆ ತಿರುಗಿಸಬಲ್ಲವೆಂದು ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ್ದೇ 1969ರಲ್ಲಿ. ಗಾಳಿಯಾಡದ ಕೆಸರಿನಲ್ಲಿ ಗಂಧಕದ ಲವಣಗಳನ್ನು ಬಳಸಿಕೊಂಡು ಉಸಿರಾಡುವ ಬ್ಯಾಕ್ಟೀರಿಯಗಳಿವೆ. ಮುಖ್ಯವಾಗಿ ಅವೇ ಈ ಕೆಲಸ ಮಾಡುತ್ತವೆ. ಬರಿಯ ದ್ರವಪಾದರಸ ಹೊಟ್ಟೆಗೆ ಹೋದರೆ ಅದರ ಬಹುಭಾಗ ಹಾಗೆಯೇ ಹೊರಬೀಳುತ್ತದೆ. ಮೀಥೈಲ್ ಪಾದರಸ ಹಾಗಲ್ಲ. ಉಂಡದ್ದು ಬಹುಪಾಲು ಮೈಗೆ ಸೇರುತ್ತದೆ; ಪ್ರೋಟೀನಿನಲ್ಲಿರುವ ಗಂಧಕವನ್ನು ಕಚ್ಚಿಕೊಂಡು ಸ್ನಾಯುಗಳಲ್ಲಿ ನೆಲಸುತ್ತದೆ.

ಇನ್ನು ಅದು ಏರುವ ಮೆಟ್ಟಿಲು. ನೀರಿನಲ್ಲಿ ಅಳತೆಗೂ ಕಷ್ಟದಲ್ಲಿ ಸಿಕ್ಕುವಷ್ಟು ಇದ್ದದ್ದು ಪಾಚಿಯಲ್ಲಿ ಸೇರುತ್ತದೆ. ಪಾಚಿಯನ್ನು ತಿಂದ ಹುಳದಲ್ಲಿ ಅದು ಹೆಚ್ಚು. ಹುಳ ತಿಂದ ಮರಿಮೀನಿನಲ್ಲಿ ಇನ್ನೂ ಹೆಚ್ಚು. ಮರಿಮೀನುಗಳನ್ನು ವರ್ಷಗಟ್ಟಲೆ ನುಂಗಿ ಬೆಳೆದ ದೊಡ್ಡ ಮೀನಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಸಾಲವನ್ನು ಮಗನಿಗೆ, ಮಗ ಮೊಮ್ಮಗನಿಗೆ ಬಡ್ಡಿ ಸಮೇತ ದಾಟಿಸಿದಂತೆ. ವಾಲೈ ಇಂಥ ಮೀನುಗಳ ಸಾಲಿನದು. ಅದು ಮೀನು ತಿನ್ನುವ ಮೀನು. ದೊಡ್ಡದಾದಷ್ಟೂ ಹೆಮ್ಮೆ, ದೊಡ್ಡದಾದಷ್ಟೂ ವಿಷ. ಕೆಲವು ವಿಷಗಳು ಕೊಬ್ಬಿನಲ್ಲಿರುತ್ತವೆ. ಕೊಬ್ಬು ತೆಗೆದು, ಚರ್ಮ ಸುಲಿದು ಸ್ವಲ್ಪವಾದರೂ ತಪ್ಪಿಸಿಕೊಳ್ಳಬಹುದು. ಇದು ಮಾಂಸದಲ್ಲೇ ಇರುವುದರಿಂದ ಬೇಯಿಸಿದರೂ ಹೋಗದು, ಕರಿದರೂ ಹೋಗದು, ಹುಳಿ ಹಾಕಿದರೂ ಹೋಗದು. ಯಾವ ಮನೆಯಾಕೆಯ ಕೈಚಳಕವೂ ಇದರ ಮುಂದೆ ನಡೆಯುವುದಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮ ತುಂಗಭದ್ರೆಯಲ್ಲಿ ಕೊಳೆನೀರಿನ ದೆಸೆಯಿಂದ ಮೀನು ಸತ್ತು ತೇಲಿದ್ದು, ದಡದ ಬೆಸ್ತರು ಗೋಳಿಟ್ಟದ್ದು ಕನ್ನಡ ಓದುಗರಿಗೆ ಗೊತ್ತಿರುವ ಸಂಗತಿ. ಅಲ್ಲಿ ನದಿಯೇ ಸಾಕ್ಷಿ ನುಡಿಯಿತು. ಹೊಟ್ಟೆ ಮೇಲಾಗಿ ತೇಲುವ ಮೀನನ್ನು ಕಂಡವನು ಅದನ್ನು ತಿನ್ನುವುದಿಲ್ಲ. ವಾಬಿಗೂನಿನಲ್ಲಿ ಮೀನು ಸಾಯಲಿಲ್ಲ. ಎಂದಿನಂತೆ ಈಜಿತು, ಎಂದಿನಂತೆ ಗಾಳಕ್ಕೆ ಬಿತ್ತು, ಎಂದಿನಂತೆ ರುಚಿಸಿತು. ಕಣ್ಣು, ಮೂಗು, ನಾಲಗೆಗಳನ್ನು ನಂಬಿ ಸಾವಿರಾರು ವರ್ಷ ಬದುಕಿದ ಜನಕ್ಕೆ ಆ ಮೂರೂ ಒಮ್ಮೆಲೇ ಕೈಕೊಟ್ಟವು. ತಮ್ಮ ನದಿಯ ವಿಚಾರವನ್ನು ಅಪರಿಚಿತರ ಪ್ರಯೋಗಶಾಲೆಯಿಂದ ಕೇಳಿ ತಿಳಿಯಬೇಕಾದ ಸ್ಥಿತಿ ಬಂತು. ಈ ವಿಷದ ಮೊದಲ ಪೆಟ್ಟು ಮಿದುಳಿಗೆ ಎಂದು ವೈದ್ಯರು ಹೇಳುತ್ತಾರೆ. ಅದಕ್ಕೂ ಮೊದಲಿನ ಪೆಟ್ಟು ಈ ನಂಬಿಕೆಗೆ ಬಿತ್ತೆಂದು ನನಗೆ ತೋರುತ್ತದೆ.

ನೊರ್ವಾಲ್ಡ್ ಫಿಮ್ರೈಟೆ ಎಂಬ ನಾರ್ವೆಯ ತರುಣ ಆಂಟೇರಿಯೊದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ. ಕೆನಡಾದ ಸರೋವರಗಳ ಮೀನಿನಲ್ಲಿ ಆತ ಪಾದರಸವನ್ನು ಅಳೆದು ತೋರಿಸಿದ ಮೇಲೆ ಸರ್ಕಾರಕ್ಕೆ ಕಣ್ಣು ತೆರೆಯಿತು. ಮಾರುವ ಮೀನಿನಲ್ಲಿ ಹತ್ತು ಲಕ್ಷ ಪಾಲಿಗೆ ಅರ್ಧ ಪಾಲಿಗಿಂತ ಹೆಚ್ಚು ಪಾದರಸ ಇರಕೂಡದೆಂಬುದು ಅಲ್ಲಿನ ಮಿತಿ. ವಾಬಿಗೂನಿನ ಮೀನು ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು. 1970ರಲ್ಲಿ ಅಲ್ಲಿ ಮಾರಾಟಕ್ಕೆ ಮೀನು ಹಿಡಿಯುವುದನ್ನು ನಿಷೇಧಿಸಿದರು. ನದಿಗೆ ಪಾದರಸ ಬಿಡುವುದನ್ನು ನಿಲ್ಲಿಸುವಂತೆ ಕಾರ್ಖಾನೆಗೂ ಆಜ್ಞೆಯಾಯಿತು. ಮೀನಿನಲ್ಲಿ ವಿಷವಿದೆಯೆಂದು ತಿಳಿದ ಮೇಲೆ ದೊಡ್ಡ ವಸತಿಗೃಹವೊಂದರ ಮಾಲೀಕರು ಅದನ್ನು ಮುಚ್ಚಿಬಿಟ್ಟರು. ಆದರೆ ಮೋಜಿನ ಮೀನುಗಾರಿಕೆಯನ್ನು ಸರ್ಕಾರ ನಿಲ್ಲಿಸಲಿಲ್ಲ. ಅದಕ್ಕೆ ಬದಲು ದಡದಲ್ಲಿ ಫಲಕಗಳನ್ನು ನೆಡಿಸಿತು: ಮೋಜಿಗಾಗಿ ಮೀನು ಹಿಡಿಯಿರಿ, ತಿನ್ನಬೇಡಿ ಎಂದು. ಮೀನನ್ನು ಹಿಡಿದು, ತೂಗಿ ನೋಡಿ, ಮತ್ತೆ ನೀರಿಗೆ ಬಿಡುವುದು ಪ್ರವಾಸಿಗೆ ಒಂದು ಆಟವಾದೀತು. ಮನೆಯಲ್ಲಿ ಆರು ಮಕ್ಕಳಿರುವವನಿಗೆ?

ಈ ಫಲಕದ ವಿಚಾರದಲ್ಲಿ ನಾನು ಸ್ವಲ್ಪ ನಿಲ್ಲಬಯಸುತ್ತೇನೆ. ‘ಮೀನು ತಿನ್ನಬೇಡಿ’ ಎಂಬುದು ಆರೋಗ್ಯದ ಸಲಹೆಯಂತೆ ಕೇಳಿಸುತ್ತದೆ. ನಿಜಕ್ಕೂ ಅದೊಂದು ತೆರಿಗೆ. ವಿಷವನ್ನು ಬಿಟ್ಟವನು ಬೇರೆ, ಅದನ್ನು ತಪ್ಪಿಸಿಕೊಳ್ಳುವ ಭಾರ ಹೊರುವವನು ಬೇರೆ. ಗ್ರಾಸಿ ನ್ಯಾರೋಸಿನ ಜನರನ್ನು ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1963ರಲ್ಲಿ, ಹಳೆಯ ಊರಿನಿಂದ ಎಬ್ಬಿಸಿ ರಸ್ತೆಯ ಬದಿಯ ಹೊಸ ಜಾಗಕ್ಕೆ ತಂದು ಹಾಕಿದ್ದರು. ಅದರ ಬೆನ್ನಿಗೇ ಮಾರ್ಗದರ್ಶಿಯ ಕೆಲಸ ಹೋಯಿತು, ಮಾರುವ ಮೀನು ಹೋಯಿತು, ಉಣ್ಣುವ ಮೀನೂ ಹೋಯಿತು. ದುಡಿದು ತಿನ್ನುತ್ತಿದ್ದವರು ಸರ್ಕಾರದ ಧರ್ಮದ ಹಣದಲ್ಲಿ ಅಂಗಡಿಯ ಡಬ್ಬಿ ಆಹಾರ ಕೊಳ್ಳುವವರಾದರು. ಕುಡಿತ ಹೆಚ್ಚಿತು, ಮನೆಗಳು ಒಡೆದವು, ಎಳೆಯರು ಸಾಯತೊಡಗಿದರು. ಅನಸ್ತಾಸಿಯ ಶ್ಕಿಲ್ನಿಕ್ ಎಂಬ ಸಮಾಜಶಾಸ್ತ್ರಜ್ಞೆ ಆ ಊರಿನಲ್ಲಿ ಇದ್ದು, ಈ ಕುಸಿತವನ್ನು ಕುರಿತು 1985ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಎಲ್ಲವನ್ನೂ ಪಾದರಸದ ತಲೆಗೆ ಕಟ್ಟುವುದು ಸರಿಯಲ್ಲ. ಸ್ಥಳಾಂತರ, ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಒಯ್ದದ್ದು, ಇವೆಲ್ಲ ಅದಕ್ಕೆ ಮೊದಲೇ ಬುಡವನ್ನು ಸಡಿಲಿಸಿದ್ದವು. ಆದರೆ ಸಡಿಲಗೊಂಡ ಬುಡಕ್ಕೆ ಬಿದ್ದ ಕೊಡಲಿಯನ್ನು ಕೊಡಲಿಯಲ್ಲವೆನ್ನಲಾದೀತೆ?

ಮೈಯಲ್ಲಿ ಆಗುವುದೇನು? ಕೈಬೆರಳು, ಕಾಲ್ಬೆರಳು, ತುಟಿಯ ಸುತ್ತ ಜೋಮು ಹಿಡಿದಂತಾಗುತ್ತದೆ. ನಡಿಗೆ ತೂರಾಡುತ್ತದೆ, ಕೈ ನಡುಗುತ್ತದೆ, ಗುಂಡಿ ಹಾಕಿಕೊಳ್ಳುವುದು ಕಷ್ಟವಾಗುತ್ತದೆ. ಮಾತು ತೊದಲುತ್ತದೆ, ಕಿವಿ ಮಂದವಾಗುತ್ತದೆ. ದೃಷ್ಟಿಯ ಅಂಚುಗಳು ಕತ್ತಲಾಗುತ್ತ ಬಂದು, ಬಿದಿರಿನ ಕೊಳವೆಯಲ್ಲಿ ಇಣುಕಿದಂತೆ ನಟ್ಟನಡುವಿನದು ಮಾತ್ರ ಕಾಣುತ್ತದೆ. ತೂರಾಟ, ತೊದಲು, ನಡುಕ, ಈ ಮೂರನ್ನು ಮೂಲನಿವಾಸಿಯಲ್ಲಿ ಕಂಡ ಅಧಿಕಾರಿಗೆ ಸುಲಭದ ಒಂದು ವಿವರಣೆ ಸಿದ್ಧವಾಗಿಯೇ ಇತ್ತು: ಕುಡಿದಿದ್ದಾನೆ. ಒಂದು ಲೋಟವನ್ನೂ ಮುಟ್ಟದ ಮುದುಕಿಯರೂ ಈ ಮಾತನ್ನು ಕೇಳಬೇಕಾಯಿತು.

ಈ ರೋಗದ ಗುರುತು ಬಲ್ಲವರು ಆಗ ಲೋಕದಲ್ಲಿ ಇದ್ದದ್ದು ಜಪಾನಿನಲ್ಲಿ. ಮಿನಮಾತಾದ ಹೆಸರು ಎಲ್ಲರೂ ಕೇಳಿದ್ದೇವೆ. ಅದು ಕಡಲ ಕೊಲ್ಲಿಯ ಕಥೆ, 1956ರಲ್ಲಿ ಬೆಳಕಿಗೆ ಬಂದದ್ದು. ನದಿಯ ಮೀನಿನ ಕಥೆ ಅದಕ್ಕೆ ಒಂಬತ್ತು ವರ್ಷ ತರುವಾಯದ್ದು. ಅಗಾನೊ ಎಂಬ ನದಿಯ ಕೆಳದಂಡೆಯಲ್ಲಿ, ನೀಗಾತಾ ಪಟ್ಟಣದ ಬಳಿ, ಹೊಳೆಮೀನು ತಿಂದ ಬೆಸ್ತರಲ್ಲಿ ಅದೇ ಜೋಮು, ಅದೇ ತೂರಾಟ 1965ರಲ್ಲಿ ಪತ್ತೆಯಾಯಿತು. ಸುಮಾರು 60 ಕಿಲೋಮೀಟರ್ ಮೇಲೆ, ಕಾನೋಸೆ ಎಂಬಲ್ಲಿ, ಶೋವಾ ಡೆಂಕೊ ಕಂಪನಿಯ ರಾಸಾಯನಿಕ ಕಾರ್ಖಾನೆ ಇತ್ತು. 1964ರ ಭೂಕಂಪದಲ್ಲಿ ಕೀಟನಾಶಕದ ಉಗ್ರಾಣಗಳಿಂದ ವಿಷ ನೀರಿಗೆ ಬಿದ್ದಿರಬೇಕು ಎಂಬುದು ಕಂಪನಿಯ ವಾದ. ಭೂಮಿತಾಯಿಯ ಮೇಲೆಯೇ ಅಪರಾಧ ಹೊರಿಸುವ ಈ ಜಾಣತನವನ್ನು ನ್ಯಾಯಾಲಯ ಒಪ್ಪಲಿಲ್ಲ. 1967ರಲ್ಲಿ ದಾವೆ ಹೂಡಿದ ರೋಗಿಗಳು 1971ರಲ್ಲಿ ಗೆದ್ದರು. ಕೈಗಾರಿಕೆಯ ಮಾಲಿನ್ಯದ ವಿರುದ್ಧ ಜಪಾನಿನ ಜನಸಾಮಾನ್ಯರು ನ್ಯಾಯಾಲಯದಲ್ಲಿ ಗೆದ್ದ ದೊಡ್ಡ ಮೊಕದ್ದಮೆಗಳಲ್ಲಿ ಅದು ಒಂದು.

ಮಿನಮಾತಾದ ರೋಗಿಗಳಿಗಾಗಿ ಬದುಕು ಸವೆಸಿದ ವೈದ್ಯರು ಮಸಾಝುಮಿ ಹರಾದಾ. ತಾಯಿಯ ಗರ್ಭದಲ್ಲಿ ಮಗುವಿಗೆ ವಿಷ ತಟ್ಟದು, ನಡುವಣ ಪೊರೆ ತಡೆಯುತ್ತದೆ ಎಂದು ವೈದ್ಯಶಾಸ್ತ್ರ ಅದುವರೆಗೆ ನಂಬಿತ್ತು. ಆರೋಗ್ಯವಾಗಿರುವ ತಾಯಿಗೆ, ಮೀನನ್ನು ಒಮ್ಮೆಯೂ ತಿನ್ನದ, ತಲೆ ಎತ್ತಲಾಗದ ಮಗು ಹುಟ್ಟಿದ್ದನ್ನು ಹರಾದಾ ಮನೆಮನೆಗೆ ಹೋಗಿ ಕಂಡರು. ತಾನು ಉಂಡ ವಿಷವನ್ನು ಈ ಕೂಸು ಹೀರಿಕೊಂಡಿತು, ಅದರಿಂದಲೇ ತಾನು ಉಳಿದೆ ಎಂದು ಒಬ್ಬ ತಾಯಿ ಅವರಿಗೆ ಹೇಳಿದಳಂತೆ; ವೈದ್ಯಶಾಸ್ತ್ರಕ್ಕಿಂತ ಮೊದಲು ಆ ತಾಯಿಗೆ ತಿಳಿದಿತ್ತು. ಜಪಾನಿನ ಮನೆಗಳಲ್ಲಿ ಮಗುವಿನ ಕರುಳುಬಳ್ಳಿಯ ತುಂಡನ್ನು ಒಣಗಿಸಿ ಚಿಕ್ಕ ಮರದ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ವಾಡಿಕೆ ಇದೆ. ಹರಾದಾ ಆ ಒಣಗಿದ ತುಂಡುಗಳನ್ನು ಬೇಡಿ ತಂದು ಪರೀಕ್ಷಿಸಿದಾಗ ಯಾವ ವರ್ಷ ಎಷ್ಟು ಪಾದರಸ ತಾಯಿಯಿಂದ ಕೂಸಿಗೆ ಹರಿಯಿತೆಂಬುದು ಅವುಗಳಲ್ಲಿ ಉಳಿದಿತ್ತು. ವಾತ್ಸಲ್ಯದಿಂದ ಕಾಪಾಡಿದ ವಸ್ತು ಸಾಕ್ಷ್ಯವಾಯಿತು.

ಈ ಹರಾದಾ 1975ರಲ್ಲಿ ಕೆನಡಾಕ್ಕೆ ಬಂದು ಗ್ರಾಸಿ ನ್ಯಾರೋಸ್ ಮತ್ತು ವೈಟ್‌ಡಾಗಿನ ಜನರನ್ನು ಪರೀಕ್ಷಿಸಿದರು. ಮಿನಮಾತಾದಷ್ಟು ಉಗ್ರವಲ್ಲದಿದ್ದರೂ ಅದೇ ರೋಗದ ಲಕ್ಷಣಗಳು ಇಲ್ಲಿವೆಯೆಂದು ಅವರು ಹೇಳಿದರು. ಅದೇ ವರ್ಷ ಈ ಎರಡು ಊರಿನ ಕೆಲವರು ಜಪಾನಿಗೆ ಹೋಗಿ ಮಿನಮಾತಾದ ರೋಗಿಗಳನ್ನು ಕಂಡುಬಂದರು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ಮೀನುಗಾರರು, ಭೂಮಿಯ ಎರಡು ತುದಿಯವರು, ಎದುರುಬದುರು ಕೂತದ್ದನ್ನು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ನಡುಗುವ ಕೈಗೆ ದುಭಾಷಿ ಬೇಕಾಗಿರಲಾರದು. ಹರಾದಾ ಮತ್ತೆ 2004ರಲ್ಲಿ ಆ ಊರುಗಳಿಗೆ ಬಂದಾಗ, ಮೂವತ್ತು ವರ್ಷ ಹಿಂದೆ ತಾವು ಪರೀಕ್ಷಿಸಿದ್ದವರಲ್ಲಿ ಅನೇಕರು ತೀರಿಕೊಂಡಿದ್ದರು. ಅವರೂ 2012ರಲ್ಲಿ ತೀರಿಕೊಂಡರು.

ಪರಿಹಾರದ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನಮ್ಮವರಿಗೆ ಹೊಸದೇನೂ ಇಲ್ಲ. 1985ರಲ್ಲಿ ಸರ್ಕಾರಗಳೂ ಕಂಪನಿಗಳೂ ಕೂಡಿ ಸುಮಾರು 1 ಕೋಟಿ 67 ಲಕ್ಷ ಕೆನಡಾ ಡಾಲರುಗಳನ್ನು ಎರಡು ಊರುಗಳಿಗೆ ಕೊಡುವ ಒಪ್ಪಂದವಾಯಿತು. ರೋಗಿಗಳಿಗೆ ತಿಂಗಳ ಹಣ ಕೊಡಲು ಒಂದು ಮಂಡಲಿ ಏರ್ಪಟ್ಟಿತು. ಅದರ ಮುಂದೆ ಅರ್ಜಿದಾರ ತನ್ನ ನಡುಕ, ತೂರಾಟ, ಜೋಮುಗಳನ್ನು ವೈದ್ಯರಿಗೆ ತೋರಿಸಿ ಅಂಕ ಗಳಿಸಬೇಕು. ಸಾಕಷ್ಟು ಅಂಕ ಬಾರದಿದ್ದರೆ ಹಣವಿಲ್ಲ. ಅರ್ಜಿ ಹಾಕಿದವರಲ್ಲಿ ಬಹುಪಾಲು ಜನ ತೇರ್ಗಡೆಯಾಗಲಿಲ್ಲ. ನಾನು ಬಹಳ ವರ್ಷ ಪರೀಕ್ಷಕನಾಗಿದ್ದವನು. ಆದರೆ ಇಂಥ ಪರೀಕ್ಷೆಯನ್ನು ನಡೆಸುವ ಕಲ್ಪನೆ ನನಗೆ ಬಂದಿರಲಿಲ್ಲ.

ರುಜುವಾತು ಅಲ್ಲೇ ಇತ್ತು, ಜನರ ತಲೆಯ ಮೇಲೆಯೇ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ರಕ್ತದಲ್ಲಿದ್ದ ಪಾದರಸವನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಹೆಂಗಸಿನ ನೀಳ ಜಡೆಯ ತುದಿಯಿಂದ ಬುಡದವರೆಗೆ ತುಂಡು ತುಂಡಾಗಿ ಅಳೆದರೆ ಯಾವ ಬೇಸಿಗೆಯಲ್ಲಿ ಮೀನು ಹೆಚ್ಚು ಉಂಡಳೆಂದು ದಿನಚರಿಯಂತೆ ಓದಬಹುದು. 1970ರಿಂದ 1997ರ ವರೆಗೆ ಸರ್ಕಾರದವರು ಇಂಥ ಕೂದಲನ್ನು ಸಂಗ್ರಹಿಸಿ ಅಳೆದಿದ್ದರು. ಆ ಅಂಕಿಗಳನ್ನು ಊರಿನವರ ಸಮ್ಮತಿಯೊಂದಿಗೆ ಡೋನಾ ಮರ್ಗ್ಲರ್ ಎಂಬ ಕೆನಡಾದ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು ಮತ್ತೆ ತೆಗೆದು ನೋಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. 60 ತುಂಬುವ ಮೊದಲೇ ತೀರಿಕೊಂಡವರ ಕೂದಲಿನಲ್ಲಿ, ಬದುಕುಳಿದ ಅವರ ಓರಗೆಯವರಿಗಿಂತ ಪಾದರಸ ಹೆಚ್ಚಿತ್ತು. ಅದೇ ತಂಡದ 2023ರ ಅಧ್ಯಯನ ಹಿಂದಿನ ಪೀಳಿಗೆಯವರು ಉಂಡ ಪಾದರಸಕ್ಕೂ ಮೊಮ್ಮಕ್ಕಳ ಪೀಳಿಗೆಯ ಎಳೆಯರು ಆತ್ಮಹತ್ಯೆಗೆ ಯತ್ನಿಸುವುದಕ್ಕೂ ನಡುವೆ ಇರುವ ನಂಟನ್ನು ತೋರಿಸಿತು. ತಾಯಿಯ ಹೊಟ್ಟೆಯಲ್ಲಿದ್ದಾಗ ತಟ್ಟಿದ್ದು ಒಂದು ಬದುಕಿನಲ್ಲಿ ಮುಗಿಯುವುದಿಲ್ಲ.

ಹಾಗಾದರೆ ನದಿಯ ಜನ ಮೀನನ್ನು ಬಿಟ್ಟೇಬಿಡಬೇಕೆ? ಈ ಪ್ರಶ್ನೆಗೆ ಇದೇ ಮರ್ಗ್ಲರ್ ಅವರು ಪಾಲ್ಗೊಂಡ ಇನ್ನೊಂದು ಕೆಲಸ ಉತ್ತರ ಕೊಟ್ಟಿದೆ. ಬ್ರೆಜಿಲ್ಲಿನ ಅಮೆಜಾನ್ ಕಾಡಿನಲ್ಲಿ ತಪಾಜೋಸ್ ಎಂಬ ನದಿಯ ದಡದ ಹಳ್ಳಿಯೊಂದರಲ್ಲಿ ತೊಂಬತ್ತರ ದಶಕದಲ್ಲಿ ಅವರ ತಂಡ ಜನರ ಕೂದಲನ್ನು ಅಳೆಯಿತು. ಆ ಸೀಮೆಯಲ್ಲಿ ಚಿನ್ನ ಅರಸುವವರು ಪಾದರಸ ಬಳಸುತ್ತಾರೆ. ಕಾಡು ಕಡಿದು ಸುಟ್ಟಾಗ ಮಣ್ಣಿನಲ್ಲಿ ಮೊದಲೇ ಇದ್ದ ಪಾದರಸವೂ ಕೊಚ್ಚಿ ನದಿ ಸೇರುತ್ತದೆ. ಮೀನನ್ನು ಬಿಡಿ ಎನ್ನುವ ಬದಲು, ಯಾವ ಮೀನಿನಲ್ಲಿ ಎಷ್ಟು ಎಂಬುದನ್ನು ಹಳ್ಳಿಯವರ ಜೊತೆಗೇ ಕೂತು ಲೆಕ್ಕ ಹಾಕಿದರು. ಹಣ್ಣು, ಎಲೆ, ಪಾಚಿ ತಿನ್ನುವ ಮೀನಿನಲ್ಲಿ ಕಡಮೆ. ಮೀನು ತಿನ್ನುವ ಮೀನಿನಲ್ಲಿ ಹೆಚ್ಚು. ಬೇರೆ ಮೀನನ್ನು ತಿನ್ನದ ಮೀನನ್ನು ಹೆಚ್ಚು ತಿನ್ನಿ ಎಂಬ ಒಂದು ಮಾತು ಹಳ್ಳಿಯಲ್ಲಿ ಹರಡಿತು. ಕೆಲವು ವರ್ಷಗಳಲ್ಲಿ ಮೀನೂಟ ಉಳಿಯಿತು, ಕೂದಲಿನ ಪಾದರಸ ಗಮನಾರ್ಹವಾಗಿ ಇಳಿಯಿತು. ಅಂಥ ಮೀನು ಬಡವನ ತಟ್ಟೆಯಲ್ಲಿ ಸಿಕ್ಕುವ ಅತ್ಯುತ್ತಮ ಆಹಾರಗಳಲ್ಲಿ ಒಂದೆಂಬುದನ್ನು, ಮೀನು ತಿನ್ನದ ಕೇಳುಗರಿಗಾಗಿ, ಇಲ್ಲಿ ಹೇಳಿಬಿಡುತ್ತೇನೆ. ಮೈಯೊಳಗೆ ಸೇರಿದ ಮೀಥೈಲ್ ಪಾದರಸದ ಅರ್ಧದಷ್ಟು ಹೊರಹೋಗಲು ಸುಮಾರು ಎರಡು ತಿಂಗಳು ಬೇಕು. ಉಣ್ಣುವುದನ್ನು ಬದಲಿಸಿದರೆ ಮೈ ಹಗುರಾಗುತ್ತದೆ. ಮಿದುಳಿಗೆ ಆದ ಗಾಯ ಮಾತ್ರ ಮಾಯುವುದಿಲ್ಲ.

ಕೆನಡಾ, ಬ್ರೆಜಿಲ್ಲುಗಳ ಮಾತು ನಮಗೇಕೆ ಎನ್ನುವವರಿಗೆ ಒಂದು ಸಂಗತಿ. ಡ್ರೈಡನ್ನಿನ ಆ ಪಾದರಸದ ತೊಟ್ಟಿಯ ವಿಧಾನ ನಮ್ಮ ಕರಾವಳಿಗೂ ಬಂದಿತ್ತು. ಕಾರವಾರದ ಬಳಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಸುತ್ತಿನ ಕಡಲಿನಲ್ಲಿ ಪಾದರಸವನ್ನು ಅಳೆದ ನಮ್ಮ ಮೀನುಗಾರಿಕೆಯ ವಿಜ್ಞಾನಿಗಳ ಬರಹ 1990ರಲ್ಲಿ ಪ್ರಕಟವಾಯಿತು. ಆ ಮೇಲೆ ಭಾರತದ ಕಾಸ್ಟಿಕ್ ಸೋಡಾ ಉದ್ಯಮ ಪಾದರಸವನ್ನು ಬಿಟ್ಟು ಪೊರೆಯ ವಿಧಾನಕ್ಕೆ ಹೊರಳಿತು. ಪಾದರಸದ ಬಳಕೆಯನ್ನು ಕಡಮೆ ಮಾಡುವುದಕ್ಕಾಗಿ 2013ರಲ್ಲಿ ರೂಪುಗೊಂಡ, ಮಿನಮಾತಾದ ಹೆಸರನ್ನೇ ಹೊತ್ತ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 2018ರಲ್ಲಿ ಸ್ಥಿರೀಕರಿಸಿತು. ಇಷ್ಟು ಒಳ್ಳೆಯದೇ. ಆದರೆ ಹೊಸದಾಗಿ ಬಿಡುವುದನ್ನು ನಿಲ್ಲಿಸಿದರೆ ಹಳೆಯದು ಹೋಗುತ್ತದೆಯೆ ಎಂಬುದಕ್ಕೆ ಮತ್ತೆ ವಾಬಿಗೂನಿನ ಕಡೆಗೇ ನೋಡಬೇಕು.

ನದಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂಬುದು ಅಲ್ಲಿನ ಸರ್ಕಾರಗಳು ಬಹುಕಾಲ ಹಿಡಿದ ಪಲ್ಲವಿ. ಕೆಸರನ್ನು ಶುದ್ಧಿಮಾಡುವ ಉಪಾಯಗಳನ್ನು ವಿಜ್ಞಾನಿಗಳು ಎಂಬತ್ತರ ದಶಕದಲ್ಲಿಯೇ ಸೂಚಿಸಿದ್ದರು. ಅವು ಕಡತಗಳಲ್ಲಿ ಉಳಿದವು. ಮೊದಲ ವರ್ಷಗಳಲ್ಲಿ ಮೀನಿನ ಪಾದರಸ ಇಳಿದದ್ದು ನಿಜ. ಆಮೇಲೆ ಇಳಿಕೆ ನಿಂತುಹೋಯಿತು. ಊರಿನವರು ಸುಮ್ಮನೆ ಕೂರಲಿಲ್ಲ. 2010ರಲ್ಲಿ ಟೊರಾಂಟೊ ನಗರದ ಬೀದಿಗಳಲ್ಲಿ ನೀಲಿ ಬಟ್ಟೆಯ ಉದ್ದನೆಯ ನದಿಯೊಂದನ್ನು ಹೊತ್ತು ಶಾಸನಸಭೆಯ ಮುಂದಕ್ಕೆ ನಡೆದರು. ನದಿಯನ್ನು ನೋಡಲು ಬಾರದವರ ಬಳಿಗೆ ನದಿಯೇ ಹೋಯಿತು. 2016ರಲ್ಲಿ ಊರಿನವರೇ ನೇಮಿಸಿಕೊಂಡ ತಜ್ಞರು ನದಿಯನ್ನು ಶುದ್ಧಿಮಾಡುವುದು ಸಾಧ್ಯವೆಂದು ವರದಿ ಕೊಟ್ಟರು. ಮರುವರ್ಷ ಆಂಟೇರಿಯೊ ಸರ್ಕಾರ ಆ ಕೆಲಸಕ್ಕೆ 8 ಕೋಟಿ 50 ಲಕ್ಷ ಡಾಲರುಗಳನ್ನು ತೆಗೆದಿರಿಸಿತು. ಪಾದರಸದ ರೋಗಿಗಳಿಗಾಗಿ ಊರಿನಲ್ಲೇ ಒಂದು ಆರೈಕೆಯ ಮನೆ ಕಟ್ಟಲು 2020ರಲ್ಲಿ ಕೇಂದ್ರ ಸರ್ಕಾರ ಒಪ್ಪಿ ಸಹಿ ಹಾಕಿತು. 2024ರ ಮೇ ತಿಂಗಳಲ್ಲಿ ಇನ್ನೊಂದು ವರದಿ ಬಂತು: ಕಾರ್ಖಾನೆಯಿಂದ ಈಗ ಬರುವ ನೀರಿನಲ್ಲಿ ಪಾದರಸ ಇಲ್ಲದಿದ್ದರೂ ಅದರಲ್ಲಿರುವ ಸಲ್ಫೇಟ್ ಮತ್ತು ಸಾವಯವ ಪದಾರ್ಥಗಳು ಕೆಸರಿನ ಬ್ಯಾಕ್ಟೀರಿಯಗಳಿಗೆ ಮೇವಾಗಿ, ಹಳೆಯ ಪಾದರಸ ಹೆಚ್ಚು ಹೆಚ್ಚು ಮೀಥೈಲ್ ಪಾದರಸವಾಗುತ್ತಿದೆ ಎಂದು. ಐವತ್ತು ವರ್ಷಕ್ಕೂ ಹಿಂದೆ ಬಿದ್ದದ್ದಕ್ಕೆ ಇಂದಿಗೂ ಉಣಿಸು ಸಿಕ್ಕುತ್ತಿದೆ.

ಮುಂದಿನ ತಿಂಗಳು, ಜೂನಿನಲ್ಲಿ, ಗ್ರಾಸಿ ನ್ಯಾರೋಸಿನವರು ಕೆನಡಾ ಮತ್ತು ಆಂಟೇರಿಯೊ ಸರ್ಕಾರಗಳೆರಡರ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅವರ ಅರ್ಜಿಯ ಆಧಾರ ಪಾದರಸದ ಅಂಕಿಗಳಷ್ಟೇ ಅಲ್ಲ. ಈ ನೀರಿನಲ್ಲಿ ಮೀನು ಹಿಡಿದು ಬದುಕುವ ಹಕ್ಕು ನಿಮ್ಮದೇ ಎಂದು 1873ರ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ತಿನ್ನಲು ಬಾರದ ಮೀನನ್ನು ಹಿಡಿಯುವ ಹಕ್ಕಿನಿಂದ ಆ ಮಾತು ಸಲ್ಲುವುದಿಲ್ಲ ಎಂಬುದು ಅವರ ವಾದದ ತಿರುಳು.